ಎರಡನೇ ಟ್ಯಾಂಕ್ ನೀರು: ಸಣ್ಣ ಊರಿನ ಅಗ್ನಿಶಾಮಕ ಠಾಣೆಯೊಂದರ ಪ್ರಕರಣ

ಅಗ್ನಿಶಾಮಕ ಠಾಣೆಯ ದೊಡ್ಡ ಗಾಡಿಯನ್ನು ನಾವು ಕಾಗದದಲ್ಲಿ ಜಲವಾಹನ ಅಂತ ಬರೆಯುತ್ತೇವೆ. ಅದರಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು ಹಿಡಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಬೇಕಾದಷ್ಟು ಅನಿಸಬಹುದು. ಒಂದು ಹೋಸ್‌ನಿಂದ ನಿಮಿಷಕ್ಕೆ 450 ಲೀಟರ್ ಹೋಗುತ್ತಿದ್ದರೆ ಹತ್ತು ನಿಮಿಷಕ್ಕೆ ಖಾಲಿ. ಎರಡು ಹೋಸ್ ಬಿಟ್ಟರೆ ಐದೇ ನಿಮಿಷ. ಆರನೇ ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದನ್ನು ಇಪ್ಪತ್ತು ವರ್ಷ ಸೇವೆ ಮಾಡಿದ ಮೇಲೂ ನಾನು ಸರಿಯಾಗಿ ಯೋಚಿಸಿರಲಿಲ್ಲ. ಒಂದು ಮಧ್ಯಾಹ್ನ ಯೋಚಿಸಲೇಬೇಕಾಯಿತು.

ಆ ಮಧ್ಯಾಹ್ನವನ್ನೂ ಅದಾದ ಮೇಲಿನ ಎರಡು ವರ್ಷವನ್ನೂ ಇಲ್ಲಿ ಬರೆದಿದ್ದೇನೆ. ಸಣ್ಣ ಊರಿನ ಠಾಣೆಗಳಲ್ಲಿ ಕೆಲಸ ಮಾಡುವವರಿಗೆ, ನಗರಸಭೆಯವರಿಗೆ, ಪೇಟೆಯ ವರ್ತಕರಿಗೆ ಉಪಯೋಗಕ್ಕೆ ಬರಲಿ ಅಂತ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗದ ಹಾಗೆ ಜಾಗ, ಅಂಗಡಿಗಳ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಮಾಡಿದ ತಪ್ಪುಗಳನ್ನು ಮಾತ್ರ ಬದಲಿಸಿಲ್ಲ.

ಊರು, ಕೆರೆ, ಠಾಣೆ

ಅದು ಬಯಲುಸೀಮೆಯ ಊರು. ಜನಸಂಖ್ಯೆ ಲಕ್ಷಕ್ಕೆ ಹತ್ತಿರ. ಸುತ್ತ ಹತ್ತಿ, ಮೆಕ್ಕೆಜೋಳ. ಒಂದು ದೊಡ್ಡ ಎಪಿಎಂಸಿ, ಹತ್ತಿಯಿಂದ ಬೀಜ ಬಿಡಿಸುವ ನಾಲ್ಕೈದು ಜಿನ್ನಿಂಗ್ ಮಿಲ್, ನಡುವೆ ಹಳೇ ಪೇಟೆ. ಪೇಟೆಯ ಓಣಿಗಳು ಎತ್ತಿನ ಗಾಡಿಯ ಕಾಲದವು. ಅಂಗಡಿಗಳ ಮುಂದೆ ತಗಡಿನ ಚಪ್ಪರ, ಅದರ ಮೇಲೆ ಕೇಬಲ್ ವೈರು, ಕೆಳಗೆ ನಿಲ್ಲಿಸಿದ ಬೈಕು.

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳಕ್ಕೆ ಅಂತಲೇ ಕಾನೂನು ಬಂದದ್ದು 1964ರಲ್ಲಿ. ಆಗಿನ್ನೂ ಮೈಸೂರು ರಾಜ್ಯ ಅನ್ನುವ ಹೆಸರಿತ್ತು. ಠಾಣೆಗಳು ಮೊದಲು ದೊಡ್ಡ ನಗರಗಳಿಗೆ ಬಂದವು. ಆಮೇಲೆ ಜಿಲ್ಲಾ ಕೇಂದ್ರಗಳಿಗೆ. ತಾಲ್ಲೂಕುಗಳಿಗೆ ಬರಲು ಬಹಳ ವರ್ಷ ಹಿಡಿಯಿತು. ಈ ಊರಿಗೆ ಠಾಣೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಅದಕ್ಕೆ ಮೊದಲು ಬೆಂಕಿ ಬಿದ್ದರೆ ಜಿಲ್ಲಾ ಕೇಂದ್ರದಿಂದ ಗಾಡಿ ಬರಬೇಕಿತ್ತು. ಅದು ಬರುವ ಹೊತ್ತಿಗೆ ಬೂದಿಯೂ ಆರಿರುತ್ತಿತ್ತು ಅಂತ ಹಳೆಯ ವರ್ತಕರು ಹೇಳುತ್ತಿದ್ದರು.

ಮೊದಲ ಠಾಣೆ ಪುರಸಭೆಯ ಒಂದು ಹಳೇ ಶೆಡ್ಡಿನಲ್ಲಿ ನಡೆಯಿತು. ತಗಡು ಸೋರುತ್ತಿತ್ತು, ಮಲಗಲು ಜಾಗ ಇರಲಿಲ್ಲ. ಆದರೆ ಶೆಡ್ಡಿನ ಹಿಂದೆಯೇ ಕೆರೆ ಏರಿ. ಆ ಕಾಲದಿಂದ ಇದ್ದ ನಮ್ಮ ಹಿರಿಯ ಚಾಲಕರು ಅದನ್ನು ನೆನೆಸಿಕೊಂಡು ಹೇಳುತ್ತಿದ್ದರು: "ಏರಿ ಮೇಲೆ ಗಾಡಿ ನಿಲ್ಲಿಸಿ ಸಕ್ಷನ್ ಪೈಪ್ ಬಿಟ್ರೆ ಮುಗೀತು ಸರ್, ಬೀಡಿ ಸೇದೋದ್ರೊಳಗೆ ಟ್ಯಾಂಕ್ ತುಂಬ್ತಿತ್ತು."

ಹತ್ತು ಹದಿನೈದು ವರ್ಷಗಳ ನಂತರ ಬೈಪಾಸ್ ಹತ್ತಿರ ಹೊಸ ಕಟ್ಟಡ ಬಂತು. ಒಳ್ಳೆಯ ಕಟ್ಟಡ. ಗಾಡಿ ನಿಲ್ಲಲು ಜಾಗ, ಡ್ರಿಲ್ ಮಾಡಲು ಮೈದಾನ, ಸಿಬ್ಬಂದಿಗೆ ಮನೆಗಳು. ಎಲ್ಲರಿಗೂ ಖುಷಿ. ಅಂಗಳದಲ್ಲಿ ಒಂದು ಬೋರ್‌ವೆಲ್ ಕೊರೆಸಿದರು. ಕೆರೆಯಿಂದ ದೂರ ಬಂದೆವಲ್ಲ, ನೀರು ಹೇಗೆ ಅಂತ ಆಗ ಯಾರೂ ಕೇಳಲಿಲ್ಲ. ಕೆರೆ ನಿಧಾನವಾಗಿ ಹೂಳು ತುಂಬಿಕೊಂಡಿತು. ಬೇಸಿಗೆಯಲ್ಲಿ ಅದರ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡತೊಡಗಿದರು.

ಸಣ್ಣ ಊರಿನ ಠಾಣೆಯ ಕೆಲಸ ಹೊರಗಿನವರಿಗೆ ಗೊತ್ತಿರುವುದು ಕಮ್ಮಿ. ವರ್ಷದ ಕರೆಗಳಲ್ಲಿ ಕಟ್ಟಡದ ಬೆಂಕಿ ಕೆಲವೇ. ಸುಗ್ಗಿ ಮುಗಿದ ಮೇಲೆ ಬಣವೆಗಳು ಉರಿಯುತ್ತವೆ. ಮೇವು ಹೇರಿಕೊಂಡು ಬರುವ ಲಾರಿ ಕರೆಂಟ್ ತಂತಿಗೆ ತಗಲುತ್ತದೆ. ಗುಡ್ಡದ ಒಣ ಹುಲ್ಲಿಗೆ ಯಾರೋ ಬೀಡಿ ಎಸೆಯುತ್ತಾರೆ. ಎಮ್ಮೆ ಬಾವಿಗೆ ಬೀಳುತ್ತದೆ. ಆಗ ಬಾವಿಗೆ ಇಳಿದು, ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿ ತೊಡಿಸಿ, ನಿಧಾನಕ್ಕೆ ಮೇಲೆತ್ತಬೇಕು. ಅವಸರ ಮಾಡಿದರೆ ಗಾಬರಿಯಾದ ಎಮ್ಮೆ ಒದ್ದು ನಮ್ಮವರ ಕಾಲು ಮುರಿಯುತ್ತದೆ. ಗಣೇಶನನ್ನು ಬಿಡುವ ದಿನ ನೀರಿನ ಹತ್ತಿರ ಕಾವಲು. ದೀಪಾವಳಿಗೆ ಮೊದಲು ಪಟಾಕಿ ಅಂಗಡಿಗಳ ತಪಾಸಣೆ. ಹೊಳೆ ಬಂದಾಗ ದೋಣಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಹಡಗು ಸಿಡಿದು, ಬೆಂಕಿ ನಂದಿಸಲು ಹೋಗಿದ್ದ ನಮ್ಮವರು ಅನೇಕರು ತೀರಿಹೋದರು. ಅವರ ನೆನಪಿಗೆ ಆ ವಾರ. ಶಾಲೆ ಮಕ್ಕಳು ಠಾಣೆಗೆ ಬಂದು ಗಾಡಿ ಹತ್ತಿ ಗಂಟೆ ಬಾರಿಸುತ್ತಾರೆ.

ಇನ್ನೊಂದು ಕೆಲಸವೂ ಇದೆ. ಗಣ್ಯರ ಹೆಲಿಕಾಪ್ಟರ್ ಇಳಿಯುವಲ್ಲಿ ಒಂದು ಅಗ್ನಿಶಾಮಕ ಗಾಡಿ ನಿಂತಿರಬೇಕು. ಇದು ಬೇಕಾದದ್ದೇ, ದೂರಲ್ಲ. ನಮ್ಮಲ್ಲಿ ಇದ್ದದ್ದು ಎರಡು ಗಾಡಿ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಆ ಮಧ್ಯಾಹ್ನ

ಮಾರ್ಚ್ ತಿಂಗಳು. ಒಂದು ಗಾಡಿ ಮೂವತ್ತು ಕಿಲೋಮೀಟರ್ ದೂರದಲ್ಲಿ ಹೆಲಿಪ್ಯಾಡ್ ಕೆಲಸಕ್ಕೆ ಹೋಗಿತ್ತು. 1.10ಕ್ಕೆ ವಾಚ್‌ರೂಮಿನ ಫೋನ್ ಹೊಡೆದುಕೊಂಡಿತು. ಹಳೇ ಪೇಟೆಯಲ್ಲಿ ಹಾಸಿಗೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಬೆಂಕಿ. 1.19ಕ್ಕೆ ಓಣಿಯ ಬಾಯಿಗೆ ಬಂದೆವು. ಗಾಡಿ ಒಳಗೆ ಹೋಗಲಿಲ್ಲ. ಗಾಡಿಯ ಅಗಲ ಸುಮಾರು ಎರಡೂವರೆ ಮೀಟರ್. ಚಪ್ಪರಗಳು ಬಿಟ್ಟ ಜಾಗ ಅದಕ್ಕಿಂತ ಕಮ್ಮಿ.

ಹದಿನೈದು ಮೀಟರಿನ ಐದೈದು ಹೋಸ್ ಜೋಡಿಸಿ ಎರಡು ಸಾಲು ಎಳೆದೆವು. ಬೈಕುಗಳನ್ನು ಎತ್ತಿ ಬದಿಗಿಟ್ಟೆವು. ನೀರು ಬ್ರಾಂಚ್, ಅಂದರೆ ಹೋಸ್ ತುದಿಯ ಕೊಳವೆ, ತಲುಪಿದಾಗ 1.26. ಅಂಗಡಿ ಆಗಲೇ ಒಳಗಿನಿಂದ ಕೆಂಪಾಗಿತ್ತು. ಫೋಮ್ ಹಾಸಿಗೆಯ ಹೊಗೆ ಕಪ್ಪಗೆ, ದಪ್ಪಗೆ. ಅದನ್ನು ಕುಡಿದರೆ ಮನುಷ್ಯ ಅಲ್ಲೇ ಕುಸಿಯುತ್ತಾನೆ. ಒಳಗೆ ಯಾರೂ ಇಲ್ಲ ಅಂತ ಮಾಲೀಕರು ಹೇಳಿದರು. ಎಣಿಸಿ ನೋಡಿದೆವು, ನಿಜ.

ಇಲ್ಲಿ ನಾನು ಮೊದಲ ತಪ್ಪು ಮಾಡಿದೆ. ಎರಡೂ ಹೋಸ್‌ಗಳನ್ನು ಉರಿಯುತ್ತಿದ್ದ ಅಂಗಡಿಯ ಮೇಲೆ ಬಿಡಿಸಿದೆ. ಕಣ್ಣಿಗೆ ಬೆಂಕಿ ಕಂಡರೆ ಕೈ ಅಲ್ಲಿಗೇ ಹೋಗುತ್ತದೆ. ಸುತ್ತ ಇನ್ನೂರು ಜನ ಅಲ್ಲಿಗೇ ಬಿಡಿ ಅಂತ ಕೂಗುತ್ತಿದ್ದರು. ಆದರೆ ಆ ಅಂಗಡಿ ನಾವು ಬರುವ ಮೊದಲೇ ಹೋಗಿತ್ತು. ಉಳಿಸಬಹುದಾಗಿದ್ದದ್ದು ಅದರ ಎಡಬಲದ ಅಂಗಡಿಗಳನ್ನು. ಆ ನೀರನ್ನು ಮಧ್ಯದ ಗೋಡೆ, ತೊಲೆ, ಚಪ್ಪರಗಳ ಮೇಲೆ ಹಾಕಬೇಕಿತ್ತು, ಅದೂ ಒಂದೇ ಹೋಸ್‌ನಲ್ಲಿ, ಅಳೆದು ಅಳೆದು.

1.32ಕ್ಕೆ ಟ್ಯಾಂಕ್ ಖಾಲಿ. ಗಾಡಿ ಠಾಣೆಗೆ ಓಡಿತು. ಅಲ್ಲಿ ಬೋರ್‌ವೆಲ್ ಮೋಟರ್ ಹಾಕಿದರೆ ಸದ್ದಿಲ್ಲ. ಕರೆಂಟ್ ಹೋಗಿತ್ತು. ತೆಗೆಸಿದ್ದು ನಾವೇ. ಬೆಂಕಿಯ ಜಾಗದಲ್ಲಿ ತಂತಿಗಳು ಜೋತಾಡುತ್ತಿದ್ದವು, ನೀರು ಹಾಕುವ ಮೊದಲು ಕರೆಂಟ್ ತೆಗೆಸಲೇಬೇಕು. ಲೈನ್‌ಮನ್ ಇಡೀ ಫೀಡರ್, ಅಂದರೆ ಆ ಭಾಗಕ್ಕೆಲ್ಲ ಕರೆಂಟ್ ಕೊಡುವ ಲೈನ್, ಬಂದ್ ಮಾಡಿದ್ದರು. ನಮ್ಮ ಠಾಣೆಯ ಬೋರ್‌ವೆಲ್ಲೂ ಅದೇ ಫೀಡರ್ ಮೇಲಿತ್ತು. ಇಷ್ಟು ವರ್ಷ ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಾಡಿ ಅಲ್ಲಿಂದ ಎಪಿಎಂಸಿಗೆ ಹೋಯಿತು. ಅಲ್ಲಿ ದೊಡ್ಡ ಸಂಪ್ ಇದೆ, ಆದರೆ ಆ ದಿನ ರಜೆ, ಗೇಟಿಗೆ ಬೀಗ. ಕಾವಲುಗಾರನನ್ನು ಹುಡುಕಿ, ಬೀಗ ತೆಗೆಸಿ, ತುಂಬಿಸಿಕೊಂಡು ಬಂದಾಗ 2.24. ಐವತ್ತೆರಡು ನಿಮಿಷ. ಅಷ್ಟು ಹೊತ್ತು ನಮ್ಮ ಹುಡುಗರು ಖಾಲಿ ಬ್ರಾಂಚ್ ಹಿಡಿದುಕೊಂಡು ನಿಂತಿದ್ದರು. ಪಕ್ಕದ ಮನೆಗಳಿಂದ ಬಕೆಟ್‌ನಲ್ಲಿ ನೀರು ತಂದರು, ಚಪ್ಪರಗಳನ್ನು ಕೈಯಿಂದ ಕಿತ್ತರು. ಆ ಕಿತ್ತದ್ದರಿಂದಲೇ ಎದುರು ಸಾಲು ಉಳಿಯಿತು. ಆದರೂ ಐದು ಅಂಗಡಿ ಸುಟ್ಟವು. ಯಾರ ಪ್ರಾಣವೂ ಹೋಗಲಿಲ್ಲ.

"ಖಾಲಿ ಗಾಡಿ ತಗೊಂಡು ಬಂದಾರ" ಅಂತ ಜನ ಕೂಗಿದರು. ಈ ಮಾತು ರಾಜ್ಯದ ಪ್ರತಿ ಠಾಣೆಯವರೂ ಕೇಳಿರುತ್ತಾರೆ. ಗಾಡಿ ಎಂದೂ ಖಾಲಿ ಬರುವುದಿಲ್ಲ. ಬೆಳಗ್ಗೆ ಹಾಜರಿಯ ಹೊತ್ತಿಗೆ ನೋಡುವ ಮೊದಲ ವಿಷಯವೇ ಟ್ಯಾಂಕ್ ತುಂಬಿದೆಯಾ ಅಂತ. ಆದರೆ ಅಂಗಡಿ ಕಳೆದುಕೊಂಡವನ ಮುಂದೆ ನಿಂತು ಈ ಲೆಕ್ಕ ಹೇಳಲು ಆಗುತ್ತದಾ? ಐವತ್ತೆರಡು ನಿಮಿಷ ನಾವು ಖಾಲಿಯೇ ನಿಂತಿದ್ದೆವಲ್ಲ.

ಚಾಲಕರು ಕೇಳಿದ ಪ್ರಶ್ನೆ

ಮರುದಿನ ಠಾಣೆಯಲ್ಲಿ ಎಲ್ಲರೂ ಕೂತೆವು. ನಾನು ಆಗಲೇ ಮೇಲಿನವರಿಗೆ ಒಂದು ಪತ್ರ ಬರೆದಿಟ್ಟಿದ್ದೆ. ಇನ್ನೊಂದು ಗಾಡಿ ಬೇಕು ಅಂತ. ಅದನ್ನು ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಹಿರಿಯ ಚಾಲಕರು ಮಾತ್ರ ಸುಮ್ನೆ ಕೂತಿದ್ದರು. ಕೊನೆಗೆ ಕೇಳಿದರು:

"ಸರ್, ನಿನ್ನೆ ಎರಡೂ ಗಾಡಿ ಇದ್ದಿದ್ರೆ ಏನಾಗ್ತಿತ್ತು? ಇದು ಐದು ನಿಮಿಷ, ಅದು ಐದು ನಿಮಿಷ. ಆಮೇಲೆ ಎರಡೂ ಸೇರ್ಕೊಂಡು ನೀರು ಹುಡುಕ್ತಿದ್ವಿ, ಅಲ್ವಾ?"

ಯಾರೂ ಮಾತಾಡಲಿಲ್ಲ. ಪತ್ರ ಕಳಿಸಿದೆವು, ಅದು ನ್ಯಾಯವಾದ ಬೇಡಿಕೆಯೇ. ಆದರೆ ಆ ದಿನದಿಂದ ನಮ್ಮ ಕೆಲಸದ ದಿಕ್ಕು ಬದಲಾಯಿತು. ಅಲ್ಲಿವರೆಗೆ ನಾವು ಅಳೆಯುತ್ತಿದ್ದದ್ದು ಕರೆ ಬಂದ ಮೇಲೆ ಎಷ್ಟು ಬೇಗ ಹೊರಟೆವು, ಎಷ್ಟು ಬೇಗ ತಲುಪಿದೆವು ಅನ್ನುವುದನ್ನು. ಇನ್ನು ಮೇಲೆ ದಿನಚರಿಯಲ್ಲಿ ಇನ್ನೊಂದು ಸಾಲು ಬರೆಯೋಣ ಅಂತ ತೀರ್ಮಾನ ಮಾಡಿದೆವು: ಎರಡನೇ ಟ್ಯಾಂಕ್ ನೀರು ಬಂದದ್ದು ಎಷ್ಟು ಹೊತ್ತಿಗೆ? ಹಿಂದಿನ ಕರೆಗಳನ್ನು ತಿರುವಿ ನೋಡಿದರೆ ಆ ಸಮಯ ಎಲ್ಲೂ ಬರೆದಿರಲಿಲ್ಲ.

ಬೋರ್‌ವೆಲ್ಲಿನ ಲೆಕ್ಕವನ್ನೂ ಅವತ್ತೇ ಹಾಕಿದೆವು. ಕರೆಂಟ್ ಇದ್ದಿದ್ದರೂ ಅದು ನಿಮಿಷಕ್ಕೆ ನೂರು ಲೀಟರ್ ಕೊಡುತ್ತಿತ್ತು. 4,500 ಲೀಟರ್ ತುಂಬಲು ಮುಕ್ಕಾಲು ಗಂಟೆ. ಅಂದರೆ ಅದು ದಿನನಿತ್ಯದ ಬಳಕೆಗೆ ಸರಿ, ಬೆಂಕಿಯ ಹೊತ್ತಿಗೆ ಅಲ್ಲ.

ನೀರು ಹುಡುಕಿದ್ದು

ಮೊದಲು ನೆನಪಾದದ್ದು ಹೈಡ್ರಂಟ್, ಅಂದರೆ ನಮ್ಮ ಹೋಸ್ ಜೋಡಿಸಲು ಬೀದಿಯ ನೀರಿನ ಪೈಪಿಗೆ ಕೂರಿಸಿದ ಬಾಯಿ. ಪೇಟೆಯಲ್ಲಿ ಹಿಂದೆ ಎರಡೋ ಮೂರೋ ಇದ್ದವು ಅಂತ ಹಿರಿಯರು ಹೇಳಿದರು. ನಗರಸಭೆಯವರ ಜೊತೆ ಹುಡುಕಿದೆವು. ಒಂದರ ಚೇಂಬರ್ ಡಾಂಬರಿನ ಕೆಳಗೆ ಸಿಕ್ಕಿತು. ಆದರೆ ಸಿಕ್ಕಿ ಪ್ರಯೋಜನವಿರಲಿಲ್ಲ. ಊರಿಗೆ ನಲ್ಲಿ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಉಳಿದ ದಿನ ಪೈಪು ಒಣಗಿರುತ್ತದೆ. ಒಣ ಪೈಪಿಗೆ ಹೈಡ್ರಂಟ್ ಕೂರಿಸಿದರೆ ಏನು ಬಂತು? ದಿನವಿಡೀ ನೀರಿರುವ ಊರುಗಳ ಉಪಾಯ ಅದು. ಅದನ್ನು ಬಿಟ್ಟೆವು. ಎರಡು ತಿಂಗಳು ಅದರಲ್ಲೇ ಹೋಗಿತ್ತು.

ಆಮೇಲೆ ಬಾವಿ, ಹೊಂಡ. ಊರಲ್ಲಿ ಹನ್ನೊಂದು ತೆರೆದ ಬಾವಿಗಳು, ಒಂದು ದೇವಸ್ಥಾನದ ಹೊಂಡ. ಹೊಸಬರಿಗಾಗಿ ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಪಂಪ್ ನೀರನ್ನು ಎಳೆಯುತ್ತದೆ ಅಂತ ಅನ್ನುತ್ತೇವೆ. ನಿಜವಾಗಿ ಅದು ಪೈಪಿನೊಳಗಿನ ಗಾಳಿ ತೆಗೆಯುತ್ತದೆ ಅಷ್ಟೇ. ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಆ ಒತ್ತಡ ಪುಸ್ತಕದ ಲೆಕ್ಕಕ್ಕೆ ಹತ್ತು ಮೀಟರ್ ಎತ್ತುತ್ತದೆ, ಕೆಲಸದಲ್ಲಿ ಏಳು ಮೀಟರ್ ಅಂತ ಇಟ್ಟುಕೊಳ್ಳಬೇಕು. ಪಂಪ್ ಎಷ್ಟೇ ದೊಡ್ಡದಿರಲಿ, ನೀರು ಅದಕ್ಕಿಂತ ಆಳದಲ್ಲಿದ್ದರೆ ಮೇಲೆ ಬರುವುದಿಲ್ಲ. ನಾವು ಹಗ್ಗಕ್ಕೆ ಕಲ್ಲು ಕಟ್ಟಿ ಪ್ರತಿ ಬಾವಿಯನ್ನೂ ಅಳೆದೆವು. ಮಳೆ ಕಳೆದ ಮೇಲೆ ಅಳೆದಿದ್ದರೆ ಆರು ಬಾವಿ ಉಪಯೋಗಕ್ಕೆ ಬರುತ್ತವೆ ಅಂತ ಖುಷಿಪಡುತ್ತಿದ್ದೆವೋ ಏನೋ. ಅಳೆದದ್ದು ಬೇಸಿಗೆಯಲ್ಲಿ. ಒಂದು ಬಾವಿ ಮತ್ತು ಹೊಂಡ ಮಾತ್ರ ಉಳಿದವು. ಹೊಂಡದ ಹತ್ತಿರ ಗಾಡಿ ಹೋಗುವುದಿಲ್ಲ, ನಾಲ್ಕು ಜನ ಹೊತ್ತೊಯ್ಯುವ ಸಣ್ಣ ಪಂಪ್ ಬೇಕು. ದೇವಸ್ಥಾನದವರು ಒಂದು ಮಾತಿಗೇ ಒಪ್ಪಿದರು. "ಬೆಂಕಿಗೆ ಕೊಡದ ನೀರು ಯಾತಕ್ಕ ಸಾಹೇಬ್ರ" ಅಂದರು ಅಲ್ಲಿನ ಹಿರಿಯರೊಬ್ಬರು.

ಖಾಸಗಿ ನೀರಿನ ಟ್ಯಾಂಕರಿನವರನ್ನು ಕರೆದು ಮಾತಾಡಿದೆವು. ಒಂಬತ್ತು ಜನರ ಮೊಬೈಲ್ ನಂಬರ್ ಬರೆದುಕೊಂಡೆವು. ಇದು ಸುಲಭ ಅಂದುಕೊಂಡಿದ್ದೆ. ಡ್ರಿಲ್ ಮಾಡಿ ನೋಡಿದಾಗ ಟ್ಯಾಂಕರಿನ ನಲ್ಲಿಗೂ ನಮ್ಮ ಹೋಸ್‌ಗೂ ಜೋಡಿಯಾಗಲಿಲ್ಲ. ನಮ್ಮದು 63 ಮಿಲಿಮೀಟರಿನ ಕಪ್ಲಿಂಗ್. ಅವರದ್ದು ಒಬ್ಬೊಬ್ಬರದು ಒಂದೊಂದು ಅಳತೆ. ಕೊನೆಗೆ ಟ್ಯಾಂಕರಿನ ಮೇಲಿನ ಮುಚ್ಚಳ ತೆಗೆದು ಸಕ್ಷನ್ ಪೈಪ್ ಇಳಿಬಿಡುವುದು ಒಳ್ಳೆಯದು ಅಂತ ಗೊತ್ತಾಯಿತು. ಡ್ರಿಲ್ ಮಾಡದೆ ಇದ್ದಿದ್ದರೆ ಇದು ಬೆಂಕಿಯ ಮುಂದೆಯೇ ಗೊತ್ತಾಗುತ್ತಿತ್ತು.

ನಿಜವಾದ ದಾರಿ ತೋರಿಸಿದ್ದು ನಗರಸಭೆಯ ನೀರು ಬಿಡುವ ವಾಲ್‌ಮನ್. ಐವತ್ತು ದಾಟಿದ ಮನುಷ್ಯ, ಮೂವತ್ತು ವರ್ಷದಿಂದ ಅದೇ ಕೆಲಸ. ಎಲ್ಲರಿಗೂ ಅವರು ಕಾಕಾ. ಒಂದು ಸಂಜೆ ಚಹಾದ ಅಂಗಡಿಯಲ್ಲಿ ಅವರೇ ಹೇಳಿದರು: "ಸಾಹೇಬ್ರ, ಊರಾಗ ಐದು ಟ್ಯಾಂಕ್ ಅದಾವ. ಎಲ್ಲಾ ಒಮ್ಮೆಲೆ ಖಾಲಿ ಆಗೂದಿಲ್ಲ. ಯಾವ ದಿನಾ ಆದ್ರೂ ಎರಡು ತುಂಬಿರ್ತಾವ. ಯಾವು ಅಂತ ನನಗ ಗೊತ್ತಿರ್ತೈತಿ."

ಓವರ್‌ಹೆಡ್ ಟ್ಯಾಂಕ್! ಮೇಲೆ ಲಕ್ಷಗಟ್ಟಲೆ ಲೀಟರ್ ನೀರು. ಅದು ತಾನಾಗಿ ಕೆಳಗೆ ಬರುತ್ತದೆ, ಮೋಟರ್ ಬೇಡ, ಕರೆಂಟ್ ಬೇಡ. ನಾವು ದಿನಾ ಅವುಗಳ ಕೆಳಗೇ ಓಡಾಡುತ್ತಿದ್ದೆವು.

ನಗರಸಭೆಯ ಇಂಜಿನಿಯರ್ ಮೊದಲು ಒಪ್ಪಲಿಲ್ಲ. ಅವರ ಆತಂಕ ಸರಿಯಾಗಿಯೇ ಇತ್ತು. ಕುಡಿಯುವ ನೀರು, ಯಾರು ಬೇಕಾದರೂ ಬಿಚ್ಚಿಕೊಂಡರೆ? ಬೆಂಕಿ ನಂದಿಸಲು ನೀರು ಪಡೆಯುವ ಅಧಿಕಾರ ನಮಗೆ ಕಾನೂನಿನಲ್ಲೇ ಇದೆ ಅಂತ ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ರಾತ್ರಿ ಎರಡು ಗಂಟೆಗೆ ಬೀಗ ತೆಗೆಯುವುದು ಕಾನೂನಲ್ಲ, ಕಾಕಾ. ಅವರ ಮನಸ್ಸೂ ಅವರ ಸಾಹೇಬರ ಮನಸ್ಸೂ ನಮ್ಮ ಕಡೆ ಇರಬೇಕು. ಇಂಜಿನಿಯರನ್ನು ಕರೆದುಕೊಂಡು ಹೋಗಿ ಸುಟ್ಟ ಐದು ಅಂಗಡಿಗಳ ಮುಂದೆ ನಿಲ್ಲಿಸಿದೆ. ಆಮೇಲೆ ಮಾತು ಬೇಗ ಮುಗಿಯಿತು. ಪ್ರತಿ ಟ್ಯಾಂಕಿನ ಕೆಳಗೆ ಹೊರಹೋಗುವ ಪೈಪಿಗೆ ಒಂದು ಕವಲು, ಅದರ ತುದಿಗೆ ವಾಲ್ವ್ ಮತ್ತು ನಮ್ಮ ಅಳತೆಯ ಕಪ್ಲಿಂಗ್, ಮೇಲೆ ತಗಡಿನ ಪೆಟ್ಟಿಗೆ, ಎರಡು ಬೀಗದ ಕೈ. ಒಂದು ಕಾಕಾನ ಹತ್ತಿರ, ಒಂದು ನಮ್ಮ ಗಾಡಿಯಲ್ಲಿ. ಊರಿನ ಒಬ್ಬ ಪ್ಲಂಬರ್ ಮತ್ತು ಒಬ್ಬ ವೆಲ್ಡರ್ ಸೇರಿ ಮಾಡಿಕೊಟ್ಟರು.

ಮೊದಲ ಸಲ ತುಂಬಿಸಿ ನೋಡಿದಾಗ 4,500 ಲೀಟರಿಗೆ ಏಳು ನಿಮಿಷವೂ ಹಿಡಿಯಲಿಲ್ಲ. ಹಿರಿಯ ಚಾಲಕರು ಗಡಿಯಾರ ನೋಡಿ ನಕ್ಕರು. ಕೆರೆ ಏರಿಯ ದಿನಗಳು ಅವರಿಗೆ ನೆನಪಾಗಿರಬೇಕು.

ವಾಚ್‌ರೂಮಿನಲ್ಲಿ ಒಂದು ಕಪ್ಪು ಹಲಗೆ ಹಾಕಿದೆವು. ದಿನಾ ಸಂಜೆ ಕಾಕಾ ಫೋನ್ ಮಾಡಿ ತುಂಬಿರುವ ಟ್ಯಾಂಕುಗಳ ನಂಬರ್ ಹೇಳುತ್ತಿದ್ದರು. ಅದನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಲೈನ್‌ಮನ್‌ಗಳ ಜೊತೆಯೂ ಕೂತು, ಯಾವ ಬೀದಿಗೆ ಯಾವ ಟಿಸಿ (ಟ್ರಾನ್ಸ್‌ಫಾರ್ಮರ್), ಇಡೀ ಫೀಡರ್ ತೆಗೆಯದೆ ಅಷ್ಟನ್ನೇ ಹೇಗೆ ಬಂದ್ ಮಾಡುವುದು ಅಂತ ಬರೆಸಿಕೊಂಡೆವು.

ಓಣಿಗಳ ವಿಷಯದಲ್ಲಿ ಅರ್ಧ ಮಾತ್ರ ಗೆದ್ದೆವು. ಏಪ್ರಿಲ್ ಸಪ್ತಾಹದಲ್ಲಿ ಗಾಡಿಯಷ್ಟೇ ಅಗಲದ ಬಿದಿರಿನ ಗಳ ಅಡ್ಡ ಹಿಡಿದು ಪೇಟೆಯಲ್ಲಿ ನಡೆದೆವು. ಗಳ ತಗಲಿದ ಕಡೆಯೆಲ್ಲ ವರ್ತಕರಿಗೇ ತೋರಿಸಿದೆವು. ಭಾಷಣಕ್ಕೆ ಬಗ್ಗದವರು ಗಳಕ್ಕೆ ಬಗ್ಗಿದರು. ಹೆಚ್ಚಿನವರು ಚಪ್ಪರ ಒಳಗೆ ಎಳೆದುಕೊಂಡರು. ಒಂದು ಓಣಿ ಮಾತ್ರ ಹಾಗೇ ಉಳಿಯಿತು. ಅಲ್ಲಿಗೆ ಗಾಡಿ ಹೋಗುವುದಿಲ್ಲ ಅಂತಲೇ ತಿಳಿದು, ಎಂಟು ಹೋಸ್ ಕಟ್ಟಿ ಬೇರೆಯಾಗಿ ಇಟ್ಟೆವು.

ಜಿನ್ನಿಂಗ್ ಮಿಲ್

ಎರಡನೇ ವರ್ಷದ ಡಿಸೆಂಬರ್. ಹತ್ತಿಯ ಕಾಲ. ರಾತ್ರಿ 11.40ಕ್ಕೆ ಕರೆ. ಊರ ಅಂಚಿನ ಮಿಲ್ಲಿನ ಅಂಗಳದಲ್ಲಿ ಹತ್ತಿ ರಾಶಿಗೆ ಬೆಂಕಿ.

ಬಿಡಿ ಹತ್ತಿಯಲ್ಲಿ ಕಲ್ಲು, ಮೊಳೆ ಸೇರಿಕೊಂಡು ಯಂತ್ರಕ್ಕೆ ಹೋದರೆ ಕಿಡಿ ಹಾರುತ್ತದೆ. ಆ ಕಿಡಿ ಹತ್ತಿಯ ಒಳಗೆ ಗಂಟೆಗಟ್ಟಲೆ ಹೊಗೆಯೂ ಕಾಣದ ಹಾಗೆ ಕೂತಿರುತ್ತದೆ. ಹಗಲು ಬಿದ್ದದ್ದು ರಾತ್ರಿ ಎದ್ದಿತ್ತು.

ಹೊರಡುವ ಮೊದಲೇ ವಾಚ್‌ರೂಮಿನವರು ನಾಲ್ಕು ಫೋನ್ ಮಾಡಿದ್ದರು: ಕಾಕಾ, ಲೈನ್‌ಮನ್, ಇಬ್ಬರು ಟ್ಯಾಂಕರಿನವರು. ಹಲಗೆಯ ಮೇಲೆ ಎರಡು ನಂಬರ್ ಇತ್ತು, ಅದರಲ್ಲಿ ಒಂದು ಟ್ಯಾಂಕ್ ಮಿಲ್ಲಿಗೆ ಒಂದೂವರೆ ಕಿಲೋಮೀಟರ್. ಬೆಂಕಿ ನೋಡುವ ಮೊದಲೇ ಎರಡನೇ ಟ್ಯಾಂಕ್ ನೀರು ಎಲ್ಲಿಂದ ಬರುತ್ತದೆ ಅಂತ ನಮಗೆ ಗೊತ್ತಿತ್ತು. ಹಾಗೆ ಗೊತ್ತಿದ್ದರೆ ತಲೆ ಎಷ್ಟು ಸಮಾಧಾನವಾಗಿ ಕೆಲಸ ಮಾಡುತ್ತದೆ ಅನ್ನುವುದನ್ನು ಅನುಭವಿಸಿದವರೇ ಬಲ್ಲರು.

ರಾಶಿ ದೊಡ್ಡದಾಗಿಯೇ ಉರಿಯುತ್ತಿತ್ತು. ಅದರಿಂದ ಇಪ್ಪತ್ತು ಹೆಜ್ಜೆಗೆ ಬೇಲ್‌ಗಳ, ಅಂದರೆ ಒತ್ತಿ ಕಟ್ಟಿದ ಹತ್ತಿ ಮೂಟೆಗಳ, ಗೋದಾಮು. ಒಂದೊಂದು ಬೇಲ್ 170 ಕೆಜಿ. ವರ್ಷದ ವ್ಯಾಪಾರವೆಲ್ಲ ಅದರೊಳಗೆ. ಮಾಲೀಕರು ನನ್ನ ಕೈ ಹಿಡಿದು, ರಾಶಿಗೆ ನೀರು ಬಿಡಿ ಅಂತ ಅಳುತ್ತಿದ್ದರು. ನಾನು ಈ ಸಲ ಒಂದೇ ಹೋಸ್ ಬಿಡಿಸಿದೆ. ಅದೂ ರಾಶಿಯ ಮೇಲಲ್ಲ, ಗೋದಾಮಿನ ಗೋಡೆ, ಬಾಗಿಲು, ಮಧ್ಯದ ನೆಲದ ಮೇಲೆ. ಎರಡನೇ ಗಾಡಿಯ ಹುಡುಗರು ಗೋದಾಮಿನ ಕಿಟಕಿಗಳನ್ನು ಒದ್ದೆ ಗೋಣಿಯಿಂದ ಮುಚ್ಚಿದರು, ಕಿಡಿ ಒಳಗೆ ಹೋಗದ ಹಾಗೆ. ಮಾಲೀಕರಿಗೆ ಆ ಹೊತ್ತಿನಲ್ಲಿ ನಾನು ಕಲ್ಲಿನಂಥವನಾಗಿ ಕಂಡಿರಬೇಕು.

ಕಾಕಾ ಮೈಮೇಲೆ ಟವೆಲ್ ಹೊದ್ದುಕೊಂಡೇ ತಮ್ಮ ಟಿವಿಎಸ್ ಮೇಲೆ ಟ್ಯಾಂಕಿನ ಹತ್ತಿರ ಬಂದು ನಿಂತಿದ್ದರು. ಮೊದಲ ಗಾಡಿ ಹೋಗಿ, ತುಂಬಿಸಿಕೊಂಡು ವಾಪಸ್ ಬರಲು ಹದಿನಾರು ನಿಮಿಷ. ಅಳೆದು ಅಳೆದು ಬಿಟ್ಟದ್ದರಿಂದ ಅಷ್ಟರಲ್ಲಿ ಎರಡನೇ ಗಾಡಿಯ ನೀರು ಮುಗಿದಿರಲಿಲ್ಲ. ಟ್ಯಾಂಕರುಗಳು ಮಿಲ್ಲಿನ ಸಿಮೆಂಟ್ ತೊಟ್ಟಿಗೆ ಸುರಿದವು, ಅಲ್ಲಿಂದ ಪಂಪ್ ಎಳೆಯಿತು. ಲೈನ್‌ಮನ್ ಮಿಲ್ಲಿನ ಟಿಸಿ ಮಾತ್ರ ತೆಗೆದರು, ಊರಿನ ದೀಪ ಆರಲಿಲ್ಲ. ಬೆಳಗಿನ ಜಾವದವರೆಗೆ ಬ್ರಾಂಚ್ ಒಂದು ಸಲವೂ ಒಣಗಲಿಲ್ಲ.

ಗೋದಾಮು ಉಳಿಯುತ್ತದೆ ಅಂತ ಖಾತ್ರಿಯಾದ ಮೇಲೆ ರಾಶಿಗೆ ಕೈ ಹಾಕಿದೆವು. ಹತ್ತಿಯ ಎಳೆಗೆ ಹುಟ್ಟಿನಿಂದಲೇ ಒಂದು ಮೇಣದ ಲೇಪ ಇರುತ್ತದೆ. ನೀರು ಮೇಲೆ ಜಾರಿಹೋಗುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಗಾಡಿಯಲ್ಲಿದ್ದ, ನೊರೆ ಬರಿಸುವ ಫೋಮ್ ದ್ರಾವಣವನ್ನು ನೀರಿಗೆ ಸ್ವಲ್ಪ ಸ್ವಲ್ಪ ಬೆರೆಸಿದೆವು. ಅದು ಮುಗಿದಾಗ ಹತ್ತಿರದ ಕಿರಾಣಿ ಅಂಗಡಿ ತೆಗೆಸಿ ಸೋಪಿನ ಪುಡಿ ತರಿಸಿ ಕದಡಿದೆವು. ಸೋಪಿನ ನೀರು ಹತ್ತಿಯೊಳಗೆ ಇಳಿಯುತ್ತದೆ. ಮಿಲ್ಲಿನ ಹಮಾಲರು ಕೊಕ್ಕೆ ಹಿಡಿದು ರಾಶಿ ಬಿಡಿಸುತ್ತಾ ಹೋದರು. ಅವರ ಸಹಾಯ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಆಮೇಲೆ ಟ್ಯಾಂಕನ್ನೂ ಪಂಪನ್ನೂ ಬರೀ ನೀರಿನಲ್ಲಿ ಎರಡು ಸಲ ತೊಳೆದೆವು, ಸೋಪು ಉಳಿಯಬಾರದು.

ಅರ್ಧದಷ್ಟು ರಾಶಿ ಹೋಯಿತು. ಒಂದು ಶೆಡ್ಡಿನ ತಗಡು ಹೋಯಿತು. ಗೋದಾಮು ಉಳಿಯಿತು.

ಇಲ್ಲಿಗೆ ಮುಗಿಸಿದರೆ ಪ್ರಕರಣ ಚೆಂದ ಕಾಣುತ್ತದೆ, ಆದರೆ ಪೂರ್ತಿಯಾಗುವುದಿಲ್ಲ. ರಾಶಿಯ ಪಕ್ಕ ಆರು ಬೇಲ್‌ಗಳು ಹೊರಗೇ ಇದ್ದವು. ಅವುಗಳ ಮೇಲೆ ಕಿಡಿ ಬಿದ್ದು ಅಲ್ಲಲ್ಲಿ ಸುಟ್ಟಿತ್ತು. ಚೆನ್ನಾಗಿ ನೀರು ಹಾಕಿದೆವು, ಮುಟ್ಟಿ ನೋಡಿದೆವು, ತಣ್ಣಗಿದ್ದವು. ಬೆಳಗ್ಗೆ ನಾವು ಹೊರಟೆವು. ಮಿಲ್ಲಿನವರು ಅವುಗಳನ್ನು ಗೋದಾಮಿಗೆ ಸೇರಿಸಿದರು. ಸೇರಿಸಬೇಡಿ ಅಂತ ನಾನು ಹೇಳಿರಲಿಲ್ಲ. ಮೂರನೇ ದಿನ ರಾತ್ರಿ ಕಾವಲುಗಾರನಿಗೆ ಕಮಟು ವಾಸನೆ ಬಂತು. ಒಂದು ಬೇಲ್ ಒಳಗಿನಿಂದ ಹೊಗೆಯಾಡುತ್ತಿತ್ತು. ಒತ್ತಿ ಕಟ್ಟಿದ ಬೇಲ್‌ನ ಹೊಟ್ಟೆಯಲ್ಲಿ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಆ ಕಾವಲುಗಾರ ಎಚ್ಚರವಾಗಿರದಿದ್ದರೆ ನಾವು ಉಳಿಸಿದ್ದೆಲ್ಲ ಹೋಗುತ್ತಿತ್ತು. ಅಂದಿನಿಂದ ನಮ್ಮ ಠಾಣೆಯಲ್ಲಿ ಒಂದು ನಿಯಮ: ಸ್ವಲ್ಪ ಸುಟ್ಟ ಬೇಲ್ ಕೂಡ ಬಯಲಿನಲ್ಲಿ, ಒಂದರಿಂದ ಒಂದು ದೂರ, ಪಟ್ಟಿ ಕತ್ತರಿಸಿ ಬಿಚ್ಚಿ ಹರಡಬೇಕು. ನಾಲ್ಕು ದಿನ ದಿನಕ್ಕೆರಡು ಸಲ ನಮ್ಮವರೇ ಹೋಗಿ ನೋಡಬೇಕು. ಮಾಲೀಕರಿಗೆ ಇದನ್ನು ಬರೆದುಕೊಟ್ಟು ಸಹಿ ಹಾಕಿಸಿಕೊಳ್ಳಬೇಕು.

ಇದರಿಂದ ಬೇರೆ ಠಾಣೆಯವರು ಏನು ತೆಗೆದುಕೊಳ್ಳಬಹುದು

ನಮ್ಮ ಟ್ಯಾಂಕುಗಳ ಉಪಾಯವನ್ನೇ ನಕಲು ಮಾಡಬೇಕಿಲ್ಲ. ಮಲೆನಾಡಿನ ಊರಿಗೆ ಹಳ್ಳ ಇರುತ್ತದೆ. ಕರಾವಳಿಯ ಬಾವಿಗಳಲ್ಲಿ ನೀರು ಕೈಗೆ ಸಿಗುವಷ್ಟು ಮೇಲಿರುತ್ತದೆ. ದಿನವಿಡೀ ನೀರು ಬರುವ ಊರಿನಲ್ಲಿ ಹೈಡ್ರಂಟೇ ಸರಿ. ಆದರೆ ಯಾವ ಊರಾದರೂ ಮಾರ್ಚ್ ಏಪ್ರಿಲ್‌ನಲ್ಲಿ, ಕರೆಂಟ್ ತೆಗೆದು, ರಜೆಯ ದಿನ, ಒಂದೇ ಗಾಡಿ ಇಟ್ಟುಕೊಂಡು ಎರಡನೇ ಟ್ಯಾಂಕ್ ತುಂಬಿಸಿ ನೋಡಬೇಕು. ನಮ್ಮ ಮೇಲೆ ಈ ನಾಲ್ಕೂ ಒಂದೇ ದಿನ ಬಂದವು. ಒಂದೊಂದಾಗಿ ಬಂದಿದ್ದರೆ ಹೇಗೋ ನಿಭಾಯಿಸಿ, ಏನೂ ಕಲಿಯದೆ ಇರುತ್ತಿದ್ದೆವು.

ಹೊಸ ಠಾಣೆಗೆ ಜಾಗ ನೋಡುವವರಿಗೂ ಒಂದು ಮಾತು. ರಸ್ತೆ ನೋಡುತ್ತೀರಿ, ಎಷ್ಟು ಎಕರೆ ಅಂತ ನೋಡುತ್ತೀರಿ. ನೀರು ಎಲ್ಲಿದೆ ಅಂತಲೂ ಆವತ್ತೇ ನೋಡಿ. ಸೋರುವ ಶೆಡ್ಡಿನಲ್ಲಿದ್ದ ನಮ್ಮ ಹಿರಿಯರಿಗೆ ಅದೊಂದು ಅನುಕೂಲ ಇತ್ತು. ಅದನ್ನು ಮರಳಿ ಪಡೆಯಲು ನಮಗೆ ಐದು ಅಂಗಡಿ ಸುಡಬೇಕಾಯಿತು.

ನನಗೆ ಅಲ್ಲಿಂದ ವರ್ಗವಾಯಿತು, ಆಮೇಲೆ ನಿವೃತ್ತಿಯೂ ಆಯಿತು. ಕಾಕಾ ಕೂಡ ನಿವೃತ್ತರಾದರು. ಕೆಲವು ವರ್ಷಗಳ ನಂತರ ಮದುವೆಯೊಂದಕ್ಕೆ ಆ ಊರಿಗೆ ಹೋದವನು ಠಾಣೆಗೆ ಹೋಗಿ ಬಂದೆ. ಈಗಿನ ಠಾಣಾಧಿಕಾರಿ ಚಹಾ ತರಿಸಿ ಒಂದು ವಿಷಯ ಹೇಳಿದರು. ಹಿಂದಿನ ತಿಂಗಳು ಒಂದು ಟ್ಯಾಂಕಿನ ಪೈಪ್ ಬದಲಿಸಿದ ಗುತ್ತಿಗೆದಾರ ನಮ್ಮ ಕವಲನ್ನು ಕತ್ತರಿಸಿ ಗುಜರಿಗೆ ಹಾಕಿಬಿಟ್ಟಿದ್ದ. ತಿಂಗಳಿಗೊಮ್ಮೆ ಪ್ರತಿ ಟ್ಯಾಂಕಿನಿಂದ ತುಂಬಿಸಿ ನೋಡುವ ಡ್ರಿಲ್ ನಡೆಯುತ್ತಿದ್ದದ್ದರಿಂದ ನಾಲ್ಕೇ ದಿನಕ್ಕೆ ಗೊತ್ತಾಯಿತು. ಹುಡುಗರು ಗುಜರಿ ಅಂಗಡಿಗೆ ಹೋಗಿ ಕಪ್ಲಿಂಗ್ ಹುಡುಕಿ ತಂದರು. ಅದೇ ವೆಲ್ಡರ್ ಮತ್ತೆ ಕೂರಿಸಿಕೊಟ್ಟನಂತೆ.

ನಾನು ಹೊರಡುವಾಗ ವಾಚ್‌ರೂಮಿನ ಫೋನ್ ಬಂತು. ಒಳಗಿದ್ದ ಹುಡುಗ ಎದ್ದು ಹಲಗೆ ಒರೆಸಿ ಬರೆದ: 2, 5.